ಗಣಕಯಂತ್ರದ ಅಧಿಕಾರ ಮತ್ತು ಪರಿಷ್ಕರಣೆ: ಕನ್ನಡ ವಿಭಾಗಗಳು ಚರ್ಚಿಸಬೇಕಾದ ಒಂದು ಪ್ರಶ್ನೆ

೧

ಕನ್ನಡ ಮತ್ತು ಗಣಕಯಂತ್ರದ ಸಂಬಂಧವನ್ನು ಕುರಿತು ಕಳೆದ ಮೂರು ದಶಕಗಳಲ್ಲಿ ನಡೆದಿರುವ ಚರ್ಚೆಗಳನ್ನು ಗಮನಿಸಿದರೆ, ಅವು ಮುಖ್ಯವಾಗಿ ನಾಲ್ಕು ಪ್ರಶ್ನೆಗಳ ಸುತ್ತ ಬೆಳೆದಿರುವುದು ಕಂಡುಬರುತ್ತದೆ. ಕೀಲಿಮಣೆಯ ವಿನ್ಯಾಸ ಯಾವುದಾಗಿರಬೇಕು, ಅಕ್ಷರಗಳ ಸಂಕೇತೀಕರಣ ಹೇಗಿರಬೇಕು, ಲಿಪಿ ತಂತ್ರಾಂಶಗಳ ಒಡೆತನ ಯಾರದಾಗಿರಬೇಕು, ಪಾರಿಭಾಷಿಕ ಪದಗಳನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬುವೇ ಆ ಪ್ರಶ್ನೆಗಳು. ಇವೆಲ್ಲವೂ ಅಗತ್ಯವಾದ ಚರ್ಚೆಗಳೇ. ಆದರೆ ಇವುಗಳಲ್ಲಿ ಗಣಕಯಂತ್ರವು ಒಬ್ಬ ಬರಹಗಾರನ ಎದುರಿಗಿರುವ ಬರವಣಿಗೆಯ ಸಾಧನವಾಗಿ ಮಾತ್ರ ಕಾಣಿಸಿಕೊಂಡಿದೆ. ವಿಶ್ವವಿದ್ಯಾಲಯದ ಒಂದು ವಿಭಾಗದಲ್ಲಿರುವ ಗಣಕಯಂತ್ರದ ಸ್ಥಿತಿ ಇದಕ್ಕಿಂತ ಭಿನ್ನವಾದುದು. ಅದನ್ನು ಅಧ್ಯಾಪಕರು, ಸಂಶೋಧನಾರ್ಥಿಗಳು, ಕಚೇರಿ ಸಿಬ್ಬಂದಿ, ಯೋಜನಾ ಸಹಾಯಕರು, ಕೆಲವೊಮ್ಮೆ ಸ್ನಾತಕೋತ್ತರ ವಿದ್ಯಾರ್ಥಿಗಳು ಹಂಚಿಕೊಂಡು ಬಳಸುತ್ತಾರೆ. ಅಂಕಪಟ್ಟಿಯ ಕರಡು, ಶಾಸನಪಾಠ, ಕ್ಷೇತ್ರಕಾರ್ಯದ ಧ್ವನಿಮುದ್ರಣ, ಅಚ್ಚಿಗೆ ಹೋಗಬೇಕಾದ ಸಂಪಾದಿತ ಕೃತಿ ಎಲ್ಲವೂ ಅದರೊಳಗೆ ಒಟ್ಟಿಗೇ ಇರುತ್ತವೆ. ಹೀಗಾಗಿ ಅದು ಸಾಧನವಷ್ಟೇ ಅಲ್ಲ, ಒಂದು ಸಣ್ಣ ಭಂಡಾರವೂ ಹೌದು.

ಭಂಡಾರವೆಂದ ಮೇಲೆ ಎರಡು ಪ್ರಶ್ನೆಗಳು ಸಹಜವಾಗಿ ಏಳುತ್ತವೆ. ಮೊದಲನೆಯದು, ಅದರೊಳಗೆ ಯಾರಿಗೆ ಏನನ್ನು ಮಾಡುವ ಅನುಮತಿಯಿದೆ ಎಂಬುದು. ಎರಡನೆಯದು, ಅದರೊಳಗಿನ ತಂತ್ರಾಂಶವನ್ನು ಯಾರು, ಯಾವಾಗ, ಯಾವ ಕ್ರಮದಲ್ಲಿ ಬದಲಿಸಬೇಕು ಎಂಬುದು. ನಮ್ಮ ವಿಭಾಗಗಳಲ್ಲಿ ಈ ಎರಡೂ ಪ್ರಶ್ನೆಗಳನ್ನು ರಿಪೇರಿಗೆ ಬರುವ ತಂತ್ರಜ್ಞನಿಗೆ ಬಿಟ್ಟುಕೊಡಲಾಗಿದೆ. ಅವು ಮೂಲತಃ ಪಠ್ಯದ ಸುರಕ್ಷತೆಗೆ ಮತ್ತು ಪಠ್ಯದ ಪ್ರಾಮಾಣಿಕತೆಗೆ ಸಂಬಂಧಿಸಿದ ಪ್ರಶ್ನೆಗಳು. ಆದ್ದರಿಂದ ಅವುಗಳನ್ನು ನಿರ್ಣಯಿಸುವ ಹೊಣೆ ಕನ್ನಡ ವಿಭಾಗದ್ದೇ ಆಗಿದೆ ಎಂಬುದು ಪ್ರಸ್ತುತ ಬರಹದ ವಾದ.

೨

ಇಂದು ಕಾಣಸಿಗುವ ವ್ಯವಸ್ಥೆಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಒಂದನ್ನು ತೆರೆದ ಮನೆಯ ಪದ್ಧತಿ ಎಂದೂ ಇನ್ನೊಂದನ್ನು ಬೀಗ ಹಾಕಿದ ಮನೆಯ ಪದ್ಧತಿ ಎಂದೂ ಕರೆಯೋಣ.

ತೆರೆದ ಮನೆಯ ಪದ್ಧತಿಯಲ್ಲಿ ಯಂತ್ರಕ್ಕೆ ಇರುವುದು ಒಂದೇ ಖಾತೆ, ಅದೂ ಅಡ್ಮಿನಿಸ್ಟ್ರೇಟರ್ ಖಾತೆ. ಅದರ ಪಾಸ್‌ವರ್ಡ್ ವಿಭಾಗದ ಹೆಸರೋ ದೂರವಾಣಿಯ ಕೊನೆಯ ಅಂಕಿಗಳೋ ಆಗಿರುತ್ತದೆ. ಹಲವೆಡೆ ಅದನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೇ ಅಂಟಿಸಿರುವುದೂ ಉಂಟು. ಯಾರು ಬೇಕಾದರೂ ಯಾವ ತಂತ್ರಾಂಶವನ್ನಾದರೂ ಹಾಕಬಹುದು, ಯಾರ ಕಡತವನ್ನಾದರೂ ತೆರೆಯಬಹುದು, ತಿದ್ದಬಹುದು, ಅಳಿಸಬಹುದು. ಇದನ್ನು ಸೌಹಾರ್ದವೆಂದು ಭಾವಿಸುವವರಿದ್ದಾರೆ. ಆದರೆ ಇಂತಹ ಯಂತ್ರದಲ್ಲಿ ಒಂದು ಪ್ರಬಂಧದ ಅಧ್ಯಾಯ ಬದಲಾದರೆ ಬದಲಿಸಿದವರು ಯಾರೆಂದು ತಿಳಿಯುವ ಯಾವ ದಾರಿಯೂ ಇರುವುದಿಲ್ಲ. ಬಳಸುತ್ತಿರುವವರ ಅನುಮತಿ ಎಷ್ಟಿರುತ್ತದೆಯೋ ಅಷ್ಟೇ ಅನುಮತಿ ಅವರ ಮೂಲಕ ಒಳಬಂದ ವೈರಸ್ಸಿಗೂ ದೊರೆಯುತ್ತದೆ ಎಂಬುದು ಇದಕ್ಕಿಂತ ಗಂಭೀರವಾದ ಸಂಗತಿ. ಬಳಸುವವರು ಅಡ್ಮಿನಿಸ್ಟ್ರೇಟರ್ ಆಗಿದ್ದರೆ ಇಡೀ ಯಂತ್ರವೇ ಅದರ ವಶವಾಗುತ್ತದೆ.

ಬೀಗ ಹಾಕಿದ ಮನೆಯ ಪದ್ಧತಿಯಲ್ಲಿ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಂದ್ರ ಗಣಕ ಘಟಕದಲ್ಲೋ ಗುತ್ತಿಗೆ ಪಡೆದ ಸಂಸ್ಥೆಯಲ್ಲೋ ಇರುತ್ತದೆ. ಸಂಶೋಧನಾರ್ಥಿಗೆ ಕನ್ನಡ ಕೀಲಿಮಣೆಯೊಂದು ಬೇಕಾದರೆ ವಿಭಾಗದ ಮುಖ್ಯಸ್ಥರ ಸಹಿ ಪಡೆದು ಪತ್ರ ಬರೆಯಬೇಕು. ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ವಿಚಾರ ಸಂಕಿರಣವೇ ಮುಗಿದಿರುತ್ತದೆ. ಇದರ ಪರಿಣಾಮವಾಗಿ ಆತ ಅಥವಾ ಆಕೆ ತನ್ನ ಸಾಮಗ್ರಿಯನ್ನು ಪೆನ್‌ಡ್ರೈವಿನಲ್ಲಿ ಹೊತ್ತುಕೊಂಡು ಹೊರಗಿನ ಡಿಟಿಪಿ ಅಂಗಡಿಗೆ ಹೋಗುವುದು ಅನಿವಾರ್ಯವಾಗುತ್ತದೆ. ಭದ್ರತೆಗಾಗಿ ಹಾಕಿದ ಬೀಗವೇ ಪಠ್ಯವನ್ನು ಅಭದ್ರವಾದ ಜಾಗಕ್ಕೆ ತಳ್ಳಿದಂತಾಗುತ್ತದೆ.

ಈ ಎರಡು ಪದ್ಧತಿಗಳೂ ಮೇಲುನೋಟಕ್ಕೆ ವಿರುದ್ಧವೆಂದು ತೋರಿದರೂ ಒಂದು ಅಂಶದಲ್ಲಿ ಸಮಾನವಾಗಿವೆ. ಯಾರಿಗೆ ಯಾವ ಕೆಲಸಕ್ಕಾಗಿ ಎಷ್ಟು ಅನುಮತಿ ಬೇಕು ಎಂಬ ವಿವೇಚನೆ ಎರಡರಲ್ಲಿಯೂ ನಡೆದಿಲ್ಲ. ಅನೇಕ ಸಂದರ್ಭಗಳಲ್ಲಿ ಪಾಸ್‌ವರ್ಡ್ ನಿಜವಾಗಿ ತಿಳಿದಿರುವುದು ಹಂಗಾಮಿ ನೆಲೆಯಲ್ಲಿ ದುಡಿಯುವ ಒಬ್ಬ ಡಾಟಾ ಎಂಟ್ರಿ ಸಹಾಯಕರಿಗೆ ಮಾತ್ರ. ವಿಭಾಗದ ಇಡೀ ಜ್ಞಾನಸಂಪತ್ತು ಅವರ ನೆನಪನ್ನು ಆಧರಿಸಿರುತ್ತದೆ. ಆದರೆ ಆ ಹೊಣೆಗೆ ತಕ್ಕ ಹುದ್ದೆಯಾಗಲಿ ಮನ್ನಣೆಯಾಗಲಿ ಅವರಿಗಿಲ್ಲ. ಗುತ್ತಿಗೆ ಮುಗಿದ ದಿನ ಅವರೊಂದಿಗೆ ಕೀಲಿಕೈಯೂ ಹೊರಟುಹೋಗುತ್ತದೆ.

೩

'ಅಧಿಕಾರ' ಎಂಬ ಪದದ ಅರ್ಥಚರಿತ್ರೆ ಇಲ್ಲಿ ನಮಗೆ ನೆರವಾಗಬಲ್ಲದು. ಇಂದಿನ ಬಳಕೆಯಲ್ಲಿ ಅಧಿಕಾರವೆಂದರೆ ದರ್ಪ, ಹುದ್ದೆ, ಆಳುವ ಶಕ್ತಿ. ಶಾಸ್ತ್ರಗ್ರಂಥಗಳ ಪರಿಭಾಷೆಯಲ್ಲಿ ಈ ಪದಕ್ಕೆ ಬೇರೊಂದು ಅರ್ಥವಿದೆ. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯದಲ್ಲಿ ಅಧಿಕಾರಿ ಎಂದರೆ ಆಳುವವನಲ್ಲ, ಆ ಶಾಸ್ತ್ರವನ್ನು ಓದಲು ಅರ್ಹನಾದವನು. ಈ ಅರ್ಹತೆಯ ಕಲ್ಪನೆಯು ಚರಿತ್ರೆಯಲ್ಲಿ ಬಹುಜನರನ್ನು ಹೊರಗಿಡಲು ಬಳಕೆಯಾಯಿತೆಂಬುದನ್ನು ಮರೆಯುವಂತಿಲ್ಲ. ಹಾಗಾಗಿ ಗಣಕಯಂತ್ರದ ಅನುಮತಿಯನ್ನು ಹುದ್ದೆಯ ಮೇಲೆ ನಿರ್ಧರಿಸಿದರೆ ನಾವು ಅದೇ ಹಳೆಯ ದಾರಿಯನ್ನು ಹಿಡಿದಂತೆ. ಮಾಡಬೇಕಾದ ಕೆಲಸದ ಮೇಲೆ ನಿರ್ಧರಿಸಿದರೆ ಮಾತ್ರ ಅದು ನ್ಯಾಯಯುತವಾಗುತ್ತದೆ.

ಗಣಕವಿಜ್ಞಾನವು ತಲುಪಿದ ತೀರ್ಮಾನವೂ ಇದೇ ಆಗಿದೆ. ೧೯೬೯ರಿಂದ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯುನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತಕ್ಕೂ ಒಡೆಯ, ಗುಂಪು, ಇತರರು ಎಂಬ ಮೂರು ವರ್ಗಗಳನ್ನೂ, ಓದುವುದು, ಬರೆಯುವುದು, ನಡೆಸುವುದು ಎಂಬ ಮೂರು ಅನುಮತಿಗಳನ್ನೂ ಕಲ್ಪಿಸಲಾಯಿತು. ೧೯೭೫ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಕನಿಷ್ಠ ಅನುಮತಿಯ ತತ್ತ್ವವನ್ನು ನಿರೂಪಿಸಿದರು. ಪ್ರತಿಯೊಬ್ಬ ಬಳಕೆದಾರರೂ ಪ್ರತಿಯೊಂದು ತಂತ್ರಾಂಶವೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅನುಮತಿಯೊಂದಿಗೆ ನಡೆಯಬೇಕು ಎಂಬುದು ಅದರ ಸಾರ. ಈ ತತ್ತ್ವ ಕುಲಪತಿಗಳಿಗೂ ಸಂಶೋಧನಾರ್ಥಿಗೂ ಒಂದೇ ರೀತಿ ಅನ್ವಯಿಸುತ್ತದೆ. ವಿಭಾಗದ ಮುಖ್ಯಸ್ಥರು ದಿನನಿತ್ಯದ ಪತ್ರ ಬರೆಯುವಾಗ ಅವರಿಗೂ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕಿಲ್ಲ.

ಹಾಗಿದ್ದರೆ ನಮ್ಮಲ್ಲಿ ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿಯೇ ಕೆಲಸ ಮಾಡುವ ಪರಿಪಾಠ ಏಕೆ ಬೆಳೆಯಿತು? ಇದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಕನ್ನಡವನ್ನು ಬರೆಯುವ ಅವಕಾಶವೇ ಬಹುಕಾಲ ಆ ಅನುಮತಿಯ ಹಿಂದೆ ಇತ್ತು ಎಂಬುದನ್ನು ಗಮನಿಸಬೇಕು. ವಿಂಡೋಸ್ ೯೫ ಮತ್ತು ೯೮ರಲ್ಲಿ ಬಳಕೆದಾರರ ನಡುವೆ ನಿಜವಾದ ಗೋಡೆಯೇ ಇರಲಿಲ್ಲ. ಆ ಕಾಲದ ಲಿಪಿ ತಂತ್ರಾಂಶಗಳು ಆ ವಾತಾವರಣಕ್ಕೇ ಹೊಂದಿಕೊಂಡವು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಯೂನಿಕೋಡ್ ಫಾಂಟ್ ಇತ್ತಾದರೂ, ಇಂಗ್ಲಿಷ್ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳಬೇಕಾದರೆ ಪ್ರಾದೇಶಿಕ ಭಾಷೆಗಳ ಪುಟಕ್ಕೆ ಹೋಗಿ ಸಂಕೀರ್ಣ ಲಿಪಿಗಳ ಕಡತಗಳನ್ನು ಪ್ರತ್ಯೇಕವಾಗಿ ಸೇರಿಸಬೇಕಾಗಿತ್ತು. ಅದಕ್ಕೆ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕಿತ್ತು. ಸಾಮಾನ್ಯವಾಗಿ ವಿಂಡೋಸ್‌ನ ಮೂಲ ಸಿಡಿಯೂ ಬೇಕಾಗುತ್ತಿತ್ತು. ಅನುಸ್ಥಾಪನೆಯ ವೇಳೆ ಸೃಷ್ಟಿಯಾಗುತ್ತಿದ್ದ ಮೊದಲ ಖಾತೆ ತಾನಾಗಿಯೇ ಅಡ್ಮಿನಿಸ್ಟ್ರೇಟರ್ ಖಾತೆಯಾಗಿರುತ್ತಿದ್ದುದರಿಂದ ಅದನ್ನೇ ಎಲ್ಲರೂ ಬಳಸತೊಡಗಿದರು. ವಿಂಡೋಸ್‌ನಲ್ಲಿ ಒಂದು ಫಾಂಟನ್ನು ಹಾಕಿಕೊಳ್ಳುವುದಕ್ಕೂ ಆ ಅನುಮತಿ ಬೇಕಾಗಿತ್ತು. ಬಳಕೆದಾರರು ತಮ್ಮ ಖಾತೆಗೆ ಮಾತ್ರ ಫಾಂಟ್ ಹಾಕಿಕೊಳ್ಳುವ ಸಾಮಾನ್ಯ ಸೌಲಭ್ಯ ವಿಂಡೋಸ್ ೧೦ರ ೨೦೧೮ರ ಅಕ್ಟೋಬರ್ ಆವೃತ್ತಿಯಲ್ಲಷ್ಟೇ ದೊರೆಯಿತು.

ಇಂಗ್ಲಿಷ್ ವಿಭಾಗದ ಸಂಶೋಧಕರು ಯಾರ ಅಪ್ಪಣೆಯನ್ನೂ ಬೇಡದೆ ತಮ್ಮ ಮೊದಲ ವಾಕ್ಯವನ್ನು ಬರೆಯಬಹುದಾಗಿದ್ದ ಕಾಲದಲ್ಲಿ, ಕನ್ನಡದ ಸಂಶೋಧಕರಿಗೆ ತಮ್ಮ ಮೊದಲ ಅಕ್ಷರಕ್ಕೇ ಅಪ್ಪಣೆ ಬೇಕಿತ್ತು. ತೆರೆದ ಮನೆಯ ಪದ್ಧತಿಯು ಈ ಅಸಮಾನತೆಗೆ ನಾವು ಕಂಡುಕೊಂಡ ಉಪಾಯವಾಗಿತ್ತು. ಆದರೆ ಅಸಮಾನತೆಯ ತಾಂತ್ರಿಕ ಕಾರಣಗಳು ಬಹುಮಟ್ಟಿಗೆ ತೊಲಗಿದ ಮೇಲೆಯೂ ಉಪಾಯವನ್ನು ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಇಂದು ಕನ್ನಡ ಯೂನಿಕೋಡ್ ಕೀಲಿಮಣೆ ಮತ್ತು ಒಂದಾದರೂ ಕನ್ನಡ ಫಾಂಟು ವಿಂಡೋಸ್‌ನಲ್ಲಿಯೂ ಪ್ರಚಲಿತ ಲಿನಕ್ಸ್ ಆವೃತ್ತಿಗಳಲ್ಲಿಯೂ ದೊರೆಯುತ್ತವೆ.

೪

ಇನ್ನು ಪರಿಷ್ಕರಣೆಯ ವಿಚಾರ. ಅಪ್‌ಡೇಟ್ ಎಂಬ ಪದಕ್ಕೆ ನವೀಕರಣವೆಂಬ ಪದ ಬಳಕೆಯಲ್ಲಿದೆ. ಆದರೆ ಅಲ್ಲಿ ನಡೆಯುವುದು ಹಳೆಯದರ ತಿದ್ದುಪಡಿ ಆದ್ದರಿಂದ ಪರಿಷ್ಕರಣೆ ಎಂಬ ಪದವೇ ಹೆಚ್ಚು ಸೂಕ್ತವೆಂದು ತೋರುತ್ತದೆ.

ಪರಿಷ್ಕರಣೆಯನ್ನು ನಿರ್ಲಕ್ಷಿಸಿದರೆ ಏನಾಗುತ್ತದೆಂಬುದಕ್ಕೆ ೨೦೧೭ರ ಮೇ ೧೨ರಂದು ಹರಡಿದ ವನ್ನಾಕ್ರೈ ದಾಳಿ ಸ್ಪಷ್ಟ ನಿದರ್ಶನ. ಅದು ಬಳಸಿಕೊಂಡ ವಿಂಡೋಸ್‌ನ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ ತಿಂಗಳಲ್ಲಿಯೇ ಪರಿಷ್ಕರಣೆಯನ್ನು ಬಿಡುಗಡೆ ಮಾಡಿತ್ತು. ಎರಡು ತಿಂಗಳ ಅವಧಿಯಲ್ಲಿ ಅದನ್ನು ಹಾಕಿಕೊಳ್ಳದಿದ್ದ ಯಂತ್ರಗಳು ದಾಳಿಗೆ ತುತ್ತಾದವು. ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳ ಕಡತಗಳು ಗೂಢಲಿಪಿಯಾಗಿ ಮಾರ್ಪಟ್ಟವು; ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳ ಕೆಲಸವೂ ಅಸ್ತವ್ಯಸ್ತವಾಯಿತು. ನಮ್ಮ ದೇಶದಲ್ಲಿ ೨೦೨೨ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಒತ್ತೆಹಣದ ದಾಳಿ ನಡೆದಾಗ ಹಲವು ದಿನ ನೋಂದಣಿಯ ಕೆಲಸವನ್ನು ಕೈಬರಹದಲ್ಲಿ ನಡೆಸಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಯ ಪಾಡೇ ಹೀಗಾದರೆ ಪ್ರತಿ ತೆಗೆದಿಡುವ ಪರಿಪಾಠವೇ ಇಲ್ಲದ ವಿಭಾಗವೊಂದರಲ್ಲಿ ಹತ್ತು ವರ್ಷಗಳ ಪದಕೋಶದ ಕೆಲಸ ಒಂದೇ ಬೆಳಿಗ್ಗೆ ಇಲ್ಲವಾಗುವುದು ಅಸಂಭವವೇನಲ್ಲ. ಪೆನ್‌ಡ್ರೈವಿನ ಉದಾಹರಣೆಯೂ ನಮಗೆ ಪರಿಚಿತವಾದುದೇ. ಅದನ್ನು ಚುಚ್ಚಿದೊಡನೆ ಅದರೊಳಗಿನ ತಂತ್ರಾಂಶ ತಾನೇ ನಡೆಯುವ ಏರ್ಪಾಡಿನಿಂದಾಗಿ ಒಂದು ಕಾಲದಲ್ಲಿ ವೈರಸ್ಸುಗಳು ಡಿಟಿಪಿ ಅಂಗಡಿಯಿಂದ ವಿಭಾಗಕ್ಕೂ ವಿಭಾಗದಿಂದ ಮನೆಗೂ ಸಂಚರಿಸುತ್ತಿದ್ದವು. ಎಕ್ಸ್‌ಪಿ ಮತ್ತು ವಿಸ್ಟಾ ಯಂತ್ರಗಳಲ್ಲಿ ಆ ಏರ್ಪಾಡನ್ನು ೨೦೧೧ರ ಫೆಬ್ರವರಿಯಲ್ಲಿ ನಿಲ್ಲಿಸಿದ್ದು ಒಂದು ಪರಿಷ್ಕರಣೆಯೇ.

ಹಾಗೆಂದು ಪರಿಷ್ಕರಣೆಯನ್ನು ಕಣ್ಣು ಮುಚ್ಚಿ ಸ್ವಾಗತಿಸುವುದೂ ವಿವೇಕವಲ್ಲ. ಮೇಲೆ ಹೇಳಿದ ೨೦೧೮ರ ಅಕ್ಟೋಬರ್ ಆವೃತ್ತಿಯು ಕೆಲವು ಬಳಕೆದಾರರ ಕಡತಗಳನ್ನೇ ಅಳಿಸಿಹಾಕಿದ್ದರಿಂದ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ನವೆಂಬರ್‌ನಲ್ಲಿ ಮತ್ತೆ ಬಿಡುಗಡೆ ಮಾಡಬೇಕಾಯಿತು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಪರಿಷ್ಕರಣೆಯಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, ೮೫ ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ರಕ್ಷಣೆಗೆಂದು ಹಾಕಿದ ತಂತ್ರಾಂಶಕ್ಕೆ ಯಂತ್ರದ ಗರ್ಭದವರೆಗೂ ಪ್ರವೇಶವಿತ್ತು. ಅದರ ಪ್ರಮಾದ ಅಷ್ಟು ಆಳಕ್ಕೆ ಇಳಿಯಲು ಆ ಅನುಮತಿಯೇ ಕಾರಣವಾಯಿತು. ಅನುಮತಿ ಮತ್ತು ಪರಿಷ್ಕರಣೆಗಳು ಒಂದನ್ನೊಂದು ಬಿಟ್ಟು ಯೋಚಿಸಬಹುದಾದ ವಿಷಯಗಳಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೫

ಇಲ್ಲಿಯವರೆಗೆ ಹೇಳಿದ್ದು ಯಾವ ಕಚೇರಿಗಾದರೂ ಅನ್ವಯಿಸುವ ಮಾತು. ಕನ್ನಡ ವಿಭಾಗಕ್ಕೆ ವಿಶಿಷ್ಟವಾದ ಸಮಸ್ಯೆ ಇನ್ನೊಂದಿದೆ. ನಮ್ಮಲ್ಲಿ ಪರಿಷ್ಕರಣೆಯು ಯಂತ್ರವನ್ನು ಬದಲಿಸುವುದರ ಜೊತೆಗೆ ಪಠ್ಯವು ಕಾಣಿಸಿಕೊಳ್ಳುವ ರೀತಿಯನ್ನೂ ಬದಲಿಸುತ್ತದೆ.

ತುಂಗಾ ಫಾಂಟಿನ ಉದಾಹರಣೆಯನ್ನೇ ನೋಡಬಹುದು. ಎಕ್ಸ್‌ಪಿಯ ಕಾಲದಿಂದ ಯೂನಿಕೋಡ್‌ನಲ್ಲಿ ಬರೆದವರ ಎಷ್ಟೋ ಕಡತಗಳು ಈ ಫಾಂಟಿನಲ್ಲಿವೆ. ವಿಂಡೋಸ್ ೮ರಿಂದ ನಿರ್ಮಲಾ ಎಂಬ ಬೇರೊಂದು ಫಾಂಟ್ ಬಂದಿತು. ವಿಂಡೋಸ್ ೧೦ರಲ್ಲಿ ತುಂಗಾ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸರಿಯಿತು. ಕನ್ನಡವನ್ನು ಬಳಕೆಯ ಭಾಷೆಯಾಗಿ ಸೇರಿಸದ ಯಂತ್ರದಲ್ಲಿ ಅದು ಇರುವುದೇ ಇಲ್ಲ. ಹಳೆಯ ಕಡತವನ್ನು ಅಂತಹ ಯಂತ್ರದಲ್ಲಿ ತೆರೆದಾಗ ಅಕ್ಷರಗಳು ಕಾಣಿಸುತ್ತವೆ, ಆದರೆ ಅಕ್ಷರಗಳ ಅಗಲ ಬೇರೆಯಾದ್ದರಿಂದ ಸಾಲುಗಳು ಒಡೆಯುವ ಜಾಗ ಬದಲಾಗುತ್ತದೆ, ಪುಟಗಳು ಸರಿಯುತ್ತವೆ. ನಾನೂರು ಪುಟದ ಮಹಾಪ್ರಬಂಧದ ಪರಿವಿಡಿಯೂ ಪದಸೂಚಿಯೂ ಅರ್ಥ ಕಳೆದುಕೊಳ್ಳಲು ಇಷ್ಟು ಸಾಕು.

ನುಡಿಯ ಹಳೆಯ ಆವೃತ್ತಿಗಳೂ ಸೇರಿದಂತೆ ಯೂನಿಕೋಡೇತರ ಫಾಂಟುಗಳ ಸ್ಥಿತಿ ಇನ್ನೂ ಕಠಿಣವಾದುದು. ಅವು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು. ಯಂತ್ರಕ್ಕೆ ಸಂಬಂಧಿಸಿದಂತೆ ಅಲ್ಲಿ ಕನ್ನಡ ಪಠ್ಯವೇ ಇಲ್ಲ, ಕನ್ನಡದ ಚಿತ್ರವಷ್ಟೇ ಇದೆ. ಫಾಂಟ್ ತಪ್ಪಿದೊಡನೆ ಪುಟವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತದೆ. ಪುಟವಿನ್ಯಾಸಕ್ಕೆ ನಾವು ನೆಚ್ಚಿಕೊಂಡಿದ್ದ ಪೇಜ್‌ಮೇಕರ್‌ನ ಕೊನೆಯ ಮುಖ್ಯ ಆವೃತ್ತಿ ಬಂದದ್ದು ೨೦೦೧ರಲ್ಲಿ. ಅದಕ್ಕಾಗಿಯೇ ಅಚ್ಚುಮನೆಗಳೂ ವಿಭಾಗಗಳೂ ಹಳೆಯ ಯಂತ್ರಗಳನ್ನು ಪರಿಷ್ಕರಿಸಲು ಹೆದರುತ್ತವೆ. ಈ ಹೆದರಿಕೆ ಅವಿವೇಕವಲ್ಲ. ಅದರ ಹಿಂದೆ ಪಠ್ಯ ಕಳೆದುಹೋಗುವ ನಿಜವಾದ ಆತಂಕವಿದೆ. ಎಕ್ಸ್‌ಪಿಗೆ ತಯಾರಕರ ಬೆಂಬಲ ೨೦೧೪ರ ಏಪ್ರಿಲ್ ೮ರಂದು, ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದು, ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಪ್ರತಿಯೊಂದು ಗಡುವಿನಲ್ಲಿಯೂ ನಮ್ಮ ಮುಂದೆ ನಿಂತದ್ದು ಭದ್ರತೆ ಬೇಕೋ ಹಳೆಯ ಪಠ್ಯ ಬೇಕೋ ಎಂಬ ಆಯ್ಕೆ. ಹೀಗೆ ಆಯ್ಕೆ ಮಾಡುವ ಸ್ಥಿತಿಯೇ ಬರಬಾರದಿತ್ತು. ಹಳೆಯ ಸಂಕೇತೀಕರಣದ ಕಡತಗಳನ್ನು ಕಾಲಕಾಲಕ್ಕೆ ಯೂನಿಕೋಡಿಗೆ ಪರಿವರ್ತಿಸಿ, ಮೂಲದೊಂದಿಗೆ ಹೋಲಿಸಿ ತಿದ್ದಿಟ್ಟುಕೊಂಡಿದ್ದರೆ ಈ ಇಕ್ಕಟ್ಟು ಇರುತ್ತಿರಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಹಳಗನ್ನಡದ ಬರಹಗಳಲ್ಲಿ ಸ್ವರವಿಲ್ಲದ ನಕಾರವನ್ನು ಸೂಚಿಸುವ ನಕಾರಪೊಲ್ಲು ಎಂಬ ಚಿಹ್ನೆಯಿದೆ. ಅದು ಯೂನಿಕೋಡಿಗೆ ಸೇರಿದ್ದು ೨೦೨೧ರಲ್ಲಿ, ಅದರ ೧೪ನೆಯ ಆವೃತ್ತಿಯಲ್ಲಿ. ಅದಕ್ಕಿಂತ ಹಿಂದಿನ ಫಾಂಟುಗಳಷ್ಟೇ ಇರುವ ಯಂತ್ರದಲ್ಲಿ ಆ ಚಿಹ್ನೆಯ ಜಾಗದಲ್ಲಿ ಖಾಲಿ ಚೌಕವೊಂದು ಕಾಣಿಸುತ್ತದೆ. ಅದನ್ನು ಇಲ್ಲಿ ಅಚ್ಚು ಮಾಡಿ ತೋರಿಸದಿರುವುದಕ್ಕೂ ಅದೇ ಕಾರಣ. ಅಂದರೆ ಪರಿಷ್ಕರಿಸದ ಯಂತ್ರವು ಪಾಠವನ್ನು ಅಪೂರ್ಣವಾಗಿ ಓದುತ್ತದೆ.

ಯೂನಿಕೋಡ್ ಅನುಸರಿಸುವ ಒಂದು ನಿಯಮವನ್ನು ಈ ಸಂದರ್ಭದಲ್ಲಿ ನೆನೆಯಬೇಕು. ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅಲ್ಲಿ ಸ್ಥಾನ ದೊರೆಯಿತು. ಆದರೆ ಹಳಗನ್ನಡದ ೞ ಅಕ್ಷರಕ್ಕೆ ತಪ್ಪಾಗಿ 'ಫಾ' ಎಂಬ ಹೆಸರು ದಾಖಲಾಯಿತು. ಒಮ್ಮೆ ದಾಖಲಾದ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಹೆಸರು ಹಾಗೆಯೇ ಉಳಿದಿದೆ. ಅದರ ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಕೊಡಲಾಗಿದೆ. ಗ್ರಂಥಸಂಪಾದನಾಶಾಸ್ತ್ರವನ್ನು ಓದಿದವರಿಗೆ ಇದು ಹೊಸದೇನಲ್ಲ. ಸಂಪಾದಕನು ಮೂಲಪ್ರತಿಯ ಪಾಠವನ್ನು ಅಳಿಸುವುದಿಲ್ಲ. ಅಡಿಯಲ್ಲಿ ಪಾಠಾಂತರವಾಗಿ ದಾಖಲಿಸಿ, ತಾನು ಸ್ವೀಕರಿಸಿದ ಪಾಠವನ್ನು ಮೇಲೆ ಕೊಡುತ್ತಾನೆ. ತಿದ್ದಿದವರು ಯಾರು, ಏಕೆ ತಿದ್ದಿದರು ಎಂಬುದು ಓದುಗನಿಗೆ ತಿಳಿಯುವಂತಿರುತ್ತದೆ. ಓಲೆಗರಿಯ ಲಿಪಿಕಾರ ಹೇಳದೆ ಸೇರಿಸಿದ ಪದ್ಯವನ್ನು ಪ್ರಕ್ಷೇಪವೆಂದು ಗುರುತಿಸಲು ನಾವು ಎಷ್ಟು ಶ್ರಮಪಡುತ್ತೇವೆ! ಆದರೆ ನಮ್ಮ ಕಾಲದ ಹಸ್ತಪ್ರತಿಯಾದ ಗಣಕಕಡತವನ್ನು ಯಾರು ಬೇಕಾದರೂ ಗುರುತಿಲ್ಲದೆ ತಿದ್ದಬಹುದಾದ ಸ್ಥಿತಿಯಲ್ಲಿಟ್ಟು ಸುಮ್ಮನಿದ್ದೇವೆ.

೬

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಅನುದಾನವಿಲ್ಲದೆ ಒಂದು ವಿಭಾಗವು ತನ್ನ ಮಟ್ಟದಲ್ಲಿಯೇ ಕೈಗೊಳ್ಳಬಹುದಾದ ಕೆಲವು ಕ್ರಮಗಳನ್ನು ಇಲ್ಲಿ ಸೂಚಿಸಬಹುದು.

ಒಂದು, ಪ್ರತಿಯೊಬ್ಬ ಬಳಕೆದಾರರಿಗೂ ಪ್ರತ್ಯೇಕವಾದ ಸಾಮಾನ್ಯ ಖಾತೆ ಇರಬೇಕು. ಅಡ್ಮಿನಿಸ್ಟ್ರೇಟರ್ ಖಾತೆಯನ್ನು ತಂತ್ರಾಂಶ ಹಾಕುವ, ತೆಗೆಯುವ ಕೆಲಸಕ್ಕೆ ಮಾತ್ರ ಬಳಸಬೇಕು. ಅದರ ಪಾಸ್‌ವರ್ಡ್ ವಿಭಾಗದ ಇಬ್ಬರಿಗೆ ತಿಳಿದಿರಬೇಕು. ಮೊಹರು ಮಾಡಿದ ಲಕೋಟೆಯಲ್ಲಿ ಅದರ ಪ್ರತಿಯಿರಬೇಕು. ಮುಖ್ಯಸ್ಥರ ಅವಧಿ ಮುಗಿದಾಗ ಬೀರುವಿನ ಕೀಲಿಕೈಯಂತೆಯೇ ಅದೂ ಹಸ್ತಾಂತರವಾಗಿ, ಹೊಸ ಪಾಸ್‌ವರ್ಡಿಗೆ ಬದಲಾಗಬೇಕು.

ಎರಡು, ಕಡತಕೋಶಗಳನ್ನು ಕೆಲಸದ ಪ್ರಕಾರ ವಿಂಗಡಿಸಬೇಕು. ಹಸ್ತಪ್ರತಿಗಳ ಛಾಯಾಪ್ರತಿ, ಶಾಸನಗಳ ಪಡಿಯಚ್ಚಿನ ಚಿತ್ರ, ಕ್ಷೇತ್ರಕಾರ್ಯದ ಮೂಲ ಧ್ವನಿಮುದ್ರಣಗಳನ್ನು ಓದಲು ಮಾತ್ರ ಅನುಮತಿಯಿರುವಂತೆ ಇಡಬೇಕು. ನಂಬಿ ಮಾತನಾಡಿದ ವಕ್ತೃಗಳ ಖಾಸಗಿ ವಿವರಗಳಿರುವ ಕಡತಗಳನ್ನು ಓದುವ ಅನುಮತಿಯೂ ಸಂಬಂಧಪಟ್ಟ ಸಂಶೋಧಕರಿಗೆ ಸೀಮಿತವಾಗಿರಬೇಕು. ಸಂಶೋಧನಾರ್ಥಿಯ ಕರಡಿನ ಒಡೆತನ ಸಂಶೋಧನಾರ್ಥಿಯದು. ಮಾರ್ಗದರ್ಶಕರಿಗೆ ಅದರ ಪ್ರತಿಯ ಮೇಲೆ ಟಿಪ್ಪಣಿ ಬರೆಯುವ ಅನುಮತಿ ಸಾಕು. ಅವಧಿ ಮುಗಿಸಿ ಹೊರಡುವವರ ಖಾತೆಯನ್ನು ಅಳಿಸುವ ಮುನ್ನ ಅವರ ಸಾಮಗ್ರಿ ಅವರಿಗೂ, ಒಪ್ಪಿಗೆಯಿದ್ದಷ್ಟು ವಿಭಾಗಕ್ಕೂ ಸೇರಬೇಕು. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಮಾದರಿಯಲ್ಲಿ ಇಂತಹ ಅನುಮತಿಗಳು ಉಳಿಯುವುದಿಲ್ಲ ಎಂಬುದು ನೆನಪಿರಬೇಕು.

ಮೂರು, ಕನ್ನಡದ ಕೆಲಸಕ್ಕೆ ಬೇಕಾದ ಕೀಲಿಮಣೆ, ಫಾಂಟು, ಪರಿವರ್ತಕಗಳ ಪಟ್ಟಿಯನ್ನು ವಿಭಾಗವೇ ಸಿದ್ಧಪಡಿಸಿ, ಎಲ್ಲ ಯಂತ್ರಗಳಲ್ಲಿ ಮುಂಚಿತವಾಗಿ ಹಾಕಿಸಿಡಬೇಕು. ಹೀಗೆ ಮಾಡಿದರೆ ಬಳಕೆದಾರರಿಗೆ ಪದೇ ಪದೇ ಅಪ್ಪಣೆ ಬೇಡುವ ಸಂದರ್ಭವೇ ಒದಗುವುದಿಲ್ಲ.

ನಾಲ್ಕು, ಭದ್ರತಾ ಪರಿಷ್ಕರಣೆಗಳನ್ನು ತಡಮಾಡದೆ ಸ್ವೀಕರಿಸಬೇಕು. ಇಡೀ ಆವೃತ್ತಿಯನ್ನೇ ಬದಲಿಸುವ ದೊಡ್ಡ ಪರಿಷ್ಕರಣೆಗಳನ್ನು ಮಾತ್ರ ಮೊದಲು ಒಂದು ಯಂತ್ರದಲ್ಲಿ ಪರೀಕ್ಷಿಸಿ ಅನಂತರ ಉಳಿದವುಗಳಿಗೆ ವಿಸ್ತರಿಸಬೇಕು. ಪರೀಕ್ಷೆಯ ಮತ್ತು ಪ್ರಬಂಧ ಸಲ್ಲಿಕೆಯ ದಿನಗಳಲ್ಲಿ ಅವನ್ನು ಮುಂದೂಡಬೇಕು. ವಿಂಡೋಸ್‌ನ ವೃತ್ತಿಪರ ಆವೃತ್ತಿಗಳಲ್ಲಿ ಇದಕ್ಕೆ ಅವಕಾಶವಿದೆ.

ಐದು, ಈ ಪರೀಕ್ಷೆಗಾಗಿ ಒಂದು ಮಾದರಿ ಪುಟವನ್ನು ಸಿದ್ಧಪಡಿಸಬೇಕು. ಸ್ತ್ರೀ, ರಾಷ್ಟ್ರ ಮುಂತಾದ ಒತ್ತಕ್ಷರಗಳು, ಅರ್ಕಾವೊತ್ತು, ರ‍್ಯಾಂಕ್ ಎಂಬಲ್ಲಿ ಬರುವಂತಹ ರಕಾರ, ಱ ಮತ್ತು ೞ, ಅವಗ್ರಹ, ನಕಾರಪೊಲ್ಲು, ಕನ್ನಡ ಅಂಕಿಗಳು, ಛಂದಸ್ಸಿನ ಪ್ರಸ್ತಾರದ ಗುರುತುಗಳು ಆ ಪುಟದಲ್ಲಿರಬೇಕು. ಪರಿಷ್ಕರಣೆಯ ಹಿಂದೆ ಮುಂದೆ ಆ ಪುಟವನ್ನು ಅಚ್ಚು ಮಾಡಿ ಹೋಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಯಾವ ಗಣಕ ಘಟಕವೂ ಇಂತಹ ಪುಟವನ್ನು ರಚಿಸಲಾರದು. ಏನೇನು ತಪ್ಪಬಹುದೆಂದು ಬಲ್ಲವರು ಕನ್ನಡ ವಿಭಾಗದವರು.

ಆರು, ಪ್ರತಿ ಯಂತ್ರಕ್ಕೂ ಒಂದು ದಾಖಲೆ ಪುಸ್ತಕವಿರಬೇಕು. ದಿನಾಂಕ, ಮಾಡಿದ ಬದಲಾವಣೆ, ಮಾಡಿದವರ ಹೆಸರು, ಇಷ್ಟು ಬರೆದರೆ ಸಾಕು.

ಏಳು, ಮುಖ್ಯ ಕಡತಗಳ ಮೂರು ಪ್ರತಿಗಳಿರಬೇಕು; ಅವುಗಳಲ್ಲಿ ಒಂದಾದರೂ ಯಂತ್ರಕ್ಕೂ ಜಾಲಕ್ಕೂ ಜೋಡಣೆಯಾಗದೆ ಬೇರೆ ಜಾಗದಲ್ಲಿರಬೇಕು. ಸಾಮಾನ್ಯ ಖಾತೆಯಲ್ಲಿ ಕೆಲಸ ಮಾಡುವಾಗಲೂ ಒತ್ತೆಹಣದ ವೈರಸ್ಸು ಆ ಬಳಕೆದಾರರ ಸ್ವಂತ ಕಡತಗಳನ್ನು ಹಾಳುಮಾಡಬಲ್ಲದು. ಅದಕ್ಕೆ ಪ್ರತಿಯೊಂದೇ ಪರಿಹಾರ. ಪ್ರಬಂಧಗಳನ್ನು ಯೂನಿಕೋಡ್ ಪಠ್ಯವಾಗಿಯೂ ಫಾಂಟ್ ಅಡಕವಾಗಿರುವ ಪಿಡಿಎಫ್ ಆಗಿಯೂ ಇಡಬೇಕು. ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಭಂಡಾರಕ್ಕೆ ಸೇರಿದ ಕನ್ನಡ ಪ್ರಬಂಧವೊಂದು ಹಳೆಯ ಫಾಂಟಿನಲ್ಲಿದ್ದರೆ ಅದು ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಹಳೆಯ ಕಡತಗಳನ್ನು ತೆರೆಯಲೆಂದೇ ಉಳಿಸಿಕೊಂಡ ಎಕ್ಸ್‌ಪಿ ಯಂತ್ರವಿದ್ದರೆ ಅದನ್ನು ಜಾಲದಿಂದ ಸಂಪೂರ್ಣ ಬೇರ್ಪಡಿಸಿಡಬೇಕು.

೭

ಈ ಸಲಹೆಗಳಿಗೆ ಆಕ್ಷೇಪಗಳು ಬರುವುದು ಸಹಜ. ಇದು ಕನ್ನಡ ಅಧ್ಯಾಪಕರ ಕೆಲಸವಲ್ಲ, ಇದಕ್ಕೆ ಬೇಕಾದ ಪರಿಣತಿ ನಮ್ಮಲ್ಲಿಲ್ಲ ಎಂಬುದು ಮೊದಲನೆಯ ಆಕ್ಷೇಪ. ಫಾಂಟನ್ನು ಹಾಕುವ ಕೆಲಸ ತಂತ್ರಜ್ಞರದ್ದೇ ಆಗಿರಲಿ. ಯಾವ ಫಾಂಟ್, ಯಾವ ಕಡತಕ್ಕೆ ಯಾರ ಅನುಮತಿ, ಯಾವ ತಿಂಗಳಲ್ಲಿ ಪರಿಷ್ಕರಣೆ ಬೇಡ ಎಂಬ ನಿರ್ಣಯಗಳಿಗೆ ಬೇಕಾದುದು ತಾಂತ್ರಿಕ ಪರಿಣತಿಯಲ್ಲ, ಪಠ್ಯದ ಪರಿಜ್ಞಾನ. ಗ್ರಂಥಪಾಲಕರು ಕಪಾಟನ್ನು ಮಾಡುವ ಬಡಗಿಗಳಲ್ಲ; ಆದರೆ ಯಾವ ಪುಸ್ತಕ ಯಾವ ಕಪಾಟಿನಲ್ಲಿರಬೇಕೆಂದು ಅವರೇ ಹೇಳಬೇಕಲ್ಲವೆ?

ಪ್ರತ್ಯೇಕ ಖಾತೆಗಳಿಂದ ಪರಸ್ಪರ ಅಪನಂಬಿಕೆ ಹುಟ್ಟುತ್ತದೆ ಎಂಬುದು ಎರಡನೆಯ ಆಕ್ಷೇಪ. ವಾಸ್ತವದಲ್ಲಿ ಕಡತವೊಂದು ಕಾಣೆಯಾದಾಗ ಅನುಮಾನ ಎಲ್ಲರ ಮೇಲೂ ಬರುವುದು, ಅದರಲ್ಲಿಯೂ ತಮ್ಮ ಪರವಾಗಿ ಮಾತನಾಡಲಾಗದ ಕಿರಿಯರ ಮತ್ತು ಹಂಗಾಮಿ ನೌಕರರ ಮೇಲೆ ಮೊದಲು ಬರುವುದು ಒಂದೇ ಖಾತೆಯ ವ್ಯವಸ್ಥೆಯಲ್ಲಿಯೇ. ಅನುಮತಿಗಳ ಸ್ಪಷ್ಟ ವಿಂಗಡಣೆ ಅವರಿಗೆ ರಕ್ಷಣೆಯಾಗುತ್ತದೆ.

ಹಣವೆಲ್ಲಿದೆ ಎಂಬುದು ಮೂರನೆಯದು. ವಿಂಡೋಸ್ ೧೧ಕ್ಕೆ ಟಿಪಿಎಂ ೨.೦ ಎಂಬ ಭದ್ರತಾ ಘಟಕ ಬೇಕಾಗಿರುವುದರಿಂದ ಅನೇಕ ಹಳೆಯ ಯಂತ್ರಗಳು ಅದಕ್ಕೆ ಅರ್ಹವಲ್ಲವೆಂಬುದು ನಿಜ. ಅಂತಹ ಯಂತ್ರಗಳಲ್ಲಿ ಉಚಿತವಾಗಿ ದೊರೆಯುವ ಲಿನಕ್ಸ್ ಆವೃತ್ತಿಯನ್ನೂ ಲಿಬ್ರೆಆಫೀಸನ್ನೂ ಹಾಕಿ, ಲೋಹಿತ್ ಕನ್ನಡ, ನೋಟೋ ಮುಂತಾದ ಮುಕ್ತ ಫಾಂಟುಗಳಲ್ಲಿ ಕೆಲಸ ಮಾಡಬಹುದು. ಹೊಸ ಯಂತ್ರ ಕ್ರಮೇಣ ಬರಲಿ. ಆದರೆ ಪ್ರತ್ಯೇಕ ಖಾತೆಗೂ ದಾಖಲೆ ಪುಸ್ತಕಕ್ಕೂ ಮಾದರಿ ಪುಟಕ್ಕೂ ಖರ್ಚಾಗುವುದು ಸ್ವಲ್ಪ ಸಮಯ ಮಾತ್ರ.

ಸಂಶೋಧನೆಯ ವಿಧಿವಿಧಾನಗಳನ್ನು ಕಲಿಸುವ ಪೂರ್ವಸಿದ್ಧತಾ ತರಗತಿಗಳಲ್ಲಿ ಆಕರಗಳ ಸಂಗ್ರಹ, ಅಡಿಟಿಪ್ಪಣಿ, ಗ್ರಂಥಋಣಗಳ ಬಗೆಗೆ ಪಾಠ ನಡೆಯುತ್ತದೆ. ಕಡತಕ್ಕೆ ಹೆಸರಿಡುವ ಕ್ರಮ, ಅದರ ಅನುಮತಿ, ಅದರ ಪ್ರತಿ, ಅದು ಇರುವ ಯಂತ್ರದ ಪರಿಷ್ಕರಣೆ ಇವೂ ಆ ಪಾಠದ ಭಾಗವಾಗಬೇಕಾಗಿದೆ. ಮುಂದಿನ ಶೈಕ್ಷಣಿಕ ವರ್ಷದ ಮೊದಲ ವಿಭಾಗೀಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲಿನ ಜಾಗ ದೊರೆತರೆ, ಮತ್ತು ಆ ಸಭೆಗೆ ಸಂಶೋಧನಾರ್ಥಿಗಳನ್ನೂ ಡಾಟಾ ಎಂಟ್ರಿ ಸಹಾಯಕರನ್ನೂ ಕರೆದರೆ, ಚರ್ಚೆಯನ್ನು ಅಲ್ಲಿಂದ ಆರಂಭಿಸಬಹುದು.